ಕಾರಿನ ಕೇಸ್ ಶೀಟು

ನಿಮ್ಮ ಕಾರಿಗೆ ಇನ್ಶೂರೆನ್ಸ್ ಇರಬಹುದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿಯೂ ತೂಗುತ್ತಿರಬಹುದು. ಆದರೆ ಕೇಸ್ ಶೀಟ್ ಇದೆಯೇ? ನಮ್ಮ ಚಿಗವ್ವನ ಕಾರಿಗೆ ಇದೆ! ಆಸ್ಪತ್ರೆಯಲ್ಲಿ ಮಂಚದ ಕಾಲತುದಿಗೆ ತೂಗುಹಾಕುತ್ತಾರಲ್ಲ, ಅಂಥದೇ ಕ್ಲಿಪ್ಪಿನ ಹಲಗೆ, ಅದಕ್ಕೆ ದಾರ ಕಟ್ಟಿದ ಪೆನ್ಸಿಲ್ಲು. ಮಂಚ ಇಲ್ಲವಾದ್ದರಿಂದ ಸ್ಟೇರಿಂಗಿಗೆ ತೂಗುಹಾಕಿದ್ದಾಳೆ, ಅಷ್ಟೇ ವ್ಯತ್ಯಾಸ.

ಚಿಗವ್ವ ಅಂದರೆ ನನ್ನ ತಾಯಿಯ ತಂಗಿ. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿ ಏನಿದ್ದರೂ ಕಾಗದದ ಮೇಲೆ. ಈಗಲೂ ವಾರಕ್ಕೆ ನಾಲ್ಕು ದಿನ ತನ್ನ ಮನೆಯಿರುವ ದಿಲ್‌ಸುಖ್‌ನಗರದಿಂದ ಉಪ್ಪಲ್‌ಗೆ ಹೋಗಿ, ಹಾಸಿಗೆ ಹಿಡಿದ ನಾಲ್ಕೈದು ಮಂದಿಯ ಗಾಯ ತೊಳೆದು ಪಟ್ಟಿ ಕಟ್ಟಿ ಬರುತ್ತಾಳೆ. ಅವಳನ್ನು ಹೊತ್ತೊಯ್ಯುವುದು ಇಪ್ಪತ್ತು ವರ್ಷ ದಾಟಿದ ಬಿಳಿ ಕಾರು. ಬಿಳಿ ಎಂಬುದು ಆರ್.ಸಿ. ಪುಸ್ತಕದ ಅಭಿಪ್ರಾಯ, ನನ್ನದಲ್ಲ.

ನಾನು ಅದೇ ಊರಿನ ಕೋಠಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಫುಟ್‌ಪಾತಿನಲ್ಲಿ ಕರ್ಚೀಪು ಮಾರುತ್ತ ಶುರು ಮಾಡಿ ಶಟರ್ ಎಳೆಯುವ ಅಂಗಡಿಯವರೆಗೆ ಬಂದವನು. ವ್ಯವಹಾರದಲ್ಲಿ ನನಗೆ ಇದುವರೆಗೆ ಯಾರೂ ಟೋಪಿ ಹಾಕಿಲ್ಲ. ಹಾಕಿದ್ದು ಒಬ್ಬಳೇ. ಅದನ್ನೇ ಹೇಳಲು ಹೊರಟಿದ್ದೇನೆ.

ಕಾರಿಗೆ ಒಂದು ವಿಚಿತ್ರ ರೋಗ ಹತ್ತಿತ್ತು. ಒಮ್ಮೆ ಕೀಲಿ ತಿರುವಿದ ಕೂಡಲೇ ಎದ್ದು ಕೂಡುತ್ತಿತ್ತು. ಇನ್ನೊಮ್ಮೆ 'ಟಕ್' ಎಂದು ನಾಲಗೆ ಲೊಟ್ಟೆ ಹೊಡೆದು ಸುಮ್ಮನಾಗುತ್ತಿತ್ತು. ನನ್ನ ಮನೆಯೂ ಚಿಗವ್ವನ ಗಲ್ಲಿಯಲ್ಲೇ. ಫೋನು ಬರುತ್ತಿತ್ತು: "ಏ ಹುಡುಗಾ, ಲಗೂನ ಬಾ. ಪೇಷೆಂಟ್ ಏಳವಲ್ದು!"

ಹುಡುಗನಿಗೆ ಐವತ್ನಾಲ್ಕು ವರ್ಷ. ಹೋಗಿ ದೂಡುತ್ತಿದ್ದೆ. ಇಪ್ಪತ್ತು ಹೆಜ್ಜೆ ದೂಡಿದರೆ ಕಾರು ಎಚ್ಚರಾಗುತ್ತಿತ್ತು, ನಾನು ಕಟ್ಟೆಯ ಮೇಲೆ ಕುಸಿಯುತ್ತಿದ್ದೆ.

ಮೊದಲು ಬ್ಯಾಟರಿ ಬದಲಾಯಿತು. ರೋಗ ಹೋಗಲಿಲ್ಲ. ಸ್ಟಾರ್ಟರ್ ಮೋಟಾರು ಬದಲಾಯಿತು. ರೋಗ ಅಲ್ಲೇ! ಮೆಕ್ಯಾನಿಕ್ ಭಾಯಿಯ ಗ್ಯಾರೇಜಿಗೆ ಒಯ್ದರೆ ಹತ್ತಕ್ಕೆ ಹತ್ತು ಸಲ ಸ್ಟಾರ್ಟ್. ಆತ ಕೈ ಒರೆಸಿಕೊಳ್ಳುತ್ತ, "ಗಾಡಿ ಮೇ ಕುಛ್ ನಹೀ ಹೈ ಅಮ್ಮಾ, ಟೆನ್ಶನ್ ನಕ್ಕೋ ಲೇಓ" ಎಂದು ಧೈರ್ಯ ಹೇಳುತ್ತಿದ್ದ, ಗಾಡಿಗೆ ಏನೂ ಆಗಿಲ್ಲವಂತೆ! ಮನೆಗೆ ಬರುವ ದಾರಿಯಲ್ಲಿ ಚಿಗವ್ವ ಕೊತ್ತಂಬರಿ ಕೊಳ್ಳಲು ನಿಲ್ಲಿಸಿದರೆ, ಟಕ್!

"ಬಂದು ಹೋಗೋ ರೋಗ ಭಾಳ ಕಳ್ಳ ಇರ್ತೈತಿ" ಎಂದು ಚಿಗವ್ವ ಹೇಳಿದಳು. "ಡಾಕ್ಟರ್ ಮುಂದ ಶಾಣ್ಯಾ ಆಗಿ ಕುಂದರ್ತೈತಿ. ಬಾಜೂ ಕುಂತು ಕಾಯಬೇಕು."

"ಕಾಯೂದು ಸಾಕು, ಮಾರಿಬಿಡು. ಗಿರಾಕಿ ನಾ ತರ್ತೀನಿ" ಅಂದೆ.

ಮಾರಿದರೆ ಅವಳ ಉಪ್ಪಲ್ ಬಂದ್, ಅದು ನನಗೂ ಗೊತ್ತಿತ್ತು. ಪಟ್ಟಿ, ಔಷಧದ ಎರಡು ಚೀಲ ಹೊತ್ತು, ಆ ಮೊಣಕಾಲಿಟ್ಟುಕೊಂಡು ಮೆಟ್ರೊ ಮೆಟ್ಟಿಲು ಹತ್ತುವುದು ಸಾಧ್ಯವೇ? ಆದರೆ ನಡುರಸ್ತೆಯಲ್ಲಿ ನಿಂತರೆ ಅವಳ ಗತಿ ಏನು, ಹೇಳಿ!

ಚಿಗವ್ವ ನನ್ನ ಮುಖವನ್ನೇ ನೋಡಿದಳು. "ಹದಿನೈದು ದಿನ ಕೊಡು. ಅಷ್ಟರೊಳಗ ನಾ ರೋಗ ಹಿಡೀಲಿಲ್ಲಂದ್ರ ಕೀಲಿ ನಿನ್ನ ಕೈಯಾಗ. ಹಿಡಿದ್ರ, ನಾ ಕರೆದಲ್ಲಿಗೆ ನೀ ಬರಬೇಕು. ಎಲ್ಲಿಗೆ, ಯಾಕ ಅಂತ ಕೇಳಬಾರದು."

ಯಾವುದೋ ಗುಡಿಗೆ ಕರೆದೊಯ್ಯುತ್ತಾಳೆ, ಹೆಚ್ಚೆಂದರೆ ಕೂದಲು ಕೊಡಬೇಕಾದೀತು ಎಂದುಕೊಂಡೆ. ಹೇಗೂ ತಲೆಯಲ್ಲಿ ಕೊಡುವಷ್ಟು ಉಳಿದಿರಲಿಲ್ಲ. "ಆತು" ಅಂದೆ. ಗಂಟು ಬಿಚ್ಚಿ ನೋಡದೆ ಮಾಲಿಗೆ ಒಪ್ಪಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ!

ಮರುದಿನವೇ ಕೇಸ್ ಶೀಟ್ ತೂಗಿತು. ಎಷ್ಟು ಗಂಟೆಗೆ ಕೀಲಿ ತಿರುವಿದ್ದು, ಅದಕ್ಕೂ ಮುಂಚೆ ಎಷ್ಟು ದೂರ ಓಡಿದ್ದು, ಬಿಸಿಲು ಹೇಗಿತ್ತು, ಸದ್ದು ಏನು ಬಂತು, ಎಲ್ಲಕ್ಕೂ ಒಂದೊಂದು ಗೀಟು ಹಾಕಿದ ಸಾಲು. ಕೊನೆಯ ಸಾಲಿನ ಮೇಲೆ ಬರೀ 'ಹು.' ಎಂದಿತ್ತು.

"ಹು. ಅಂದ್ರೇನು ಚಿಗವ್ವ?"

"ನಿನಗ್ಯಾಕ ಬೇಕು? ದೂಡು."

ಹುಳುಕು ಇರಬೇಕು ಎಂದುಕೊಂಡು ದೂಡಿದೆ. ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಅವಳು ಗಡಿಯಾರ ನೋಡುತ್ತಿದ್ದಳು. ಉಪ್ಪಲ್‌ಗೆ ಹೊರಡುವ ಮುಂಚೆ ಕಾಯಿಪಲ್ಲೆಗೆ ಹೋಗಿ ಬಂದು ತಡವಾಯಿತೇನೋ ಪಾಪ!

ಒಂದು ದಿನ ಕಾರು ಟಕ್ ಎಂದಾಗ ನನ್ನನ್ನು ಮುಂದೆ ನಿಲ್ಲಿಸಿ ಹೆಡ್‌ಲೈಟು ಹಾಕಿ ಕೀಲಿ ತಿರುವಿದಳು.

"ಕಣ್ಣು ಹ್ಯಾಂಗದಾವ?"

"ಮುಚ್ಚಿದಾವ, ಚಿಗವ್ವ!"

"ಹಾಂ! ಬ್ಯಾಟರಿ ಹೊಸಾದು, ತಾಕತ್ತು ಐತಿ. ತಾಕತ್ತು ಮುಟ್ಟಬೇಕಾದಲ್ಲಿ ಮುಟ್ಟವಲ್ದು. ನಡುವ ಎಲ್ಲೋ ಸಿಕ್ಕೊಂಡೈತಿ." ಗ್ಯಾರೇಜು ಹೇಳದ ಮಾತನ್ನು ಒಂದು ಕೀಲಿ, ಎರಡು ದೀಪದಲ್ಲಿ ಹೇಳಿಬಿಟ್ಟಳು! ನಿಮ್ಮ ಹಳೆಯ ಗಾಡಿಯೂ ಹಟ ಹಿಡಿದರೆ ಹೊಸ ಸಾಮಾನು ಕೊಳ್ಳುವ ಮುಂಚೆ ಇಷ್ಟು ಮಾಡಿ ನೋಡಿ.

ಹಾಗೆಂದು ನಾನು ಸುಮ್ಮನಿದ್ದೆನೇ? ಒಂಬತ್ತನೇ ದಿನ ಗಿರಾಕಿಯನ್ನು ಕರೆತಂದೆ. ಇನ್ನೊಂದು ಬುದ್ಧಿಮಾತು: ಹಳೆಯ ಕಾರು ನೋಡಲು ಹೋದಾಗ ಮೊದಲು ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ, ನೀವು ಬರುವ ಮುಂಚೆಯೇ ಮಾಲೀಕ ಸ್ಟಾರ್ಟ್ ಮಾಡಿಟ್ಟಿದ್ದಾನೆ, ಏನೋ ಮುಚ್ಚಿಡುತ್ತಿದ್ದಾನೆ ಎಂದರ್ಥ. ನಮ್ಮ ಗಿರಾಕಿಗೂ ಈ ಗುಟ್ಟು ಗೊತ್ತಿತ್ತು. ಮುಟ್ಟಿದ, ತಣ್ಣಗಿತ್ತು. ಕೀಲಿ ತಿರುವಿದ, ಒಂದೇ ಏಟಿಗೆ ಸ್ಟಾರ್ಟ್! ಖುಷಿಯಾಗಿ ನಾಲ್ಕು ಸುತ್ತು ಹೊಡೆದು, ಚಹಾ ಕುಡಿಯೋಣ ಎಂದು ನಿಲ್ಲಿಸಿದ. ಚಹಾ ಬಂತು, ಕಾರು ಬರಲಿಲ್ಲ. ಟಕ್! ಗಿರಾಕಿ ಅರ್ಧ ಕಪ್ಪು ಅಲ್ಲೇ ಬಿಟ್ಟು ಸಿಕ್ಕ ಆಟೋ ಹತ್ತಿದ.

ಚಹಾ ಅಂಗಡಿಯಿಂದ ಮನೆಯವರೆಗೆ ನಾನೊಬ್ಬನೇ ದೂಡಿದೆ. ಅಂದು ಇಪ್ಪತ್ತು ಹೆಜ್ಜೆಗೆ ಅದು ಏಳಲೂ ಇಲ್ಲ. ಚಿಗವ್ವ ನೀರು ಕೊಟ್ಟಳು.

"ಎಡಗೈ ಯಾಕ ತಿಕ್ಕೋತಿ?"

"ಗ್ಯಾಸು ಚಿಗವ್ವ. ಬರ್ತೈತಿ, ಹೋಗ್ತೈತಿ."

ಅವಳು ಕೇಸ್ ಶೀಟ್ ಎಳೆದುಕೊಂಡಳು. ಪೆನ್ಸಿಲ್ಲು ಎತ್ತಿಕೊಂಡಳು.

ಹದಿಮೂರನೇ ದಿನ ಕೇಸ್ ಶೀಟ್ ಎದುರಿಗಿಟ್ಟುಕೊಂಡು ತೀರ್ಪು ಕೊಟ್ಟಳು: "ಮುಂಜಾನಿ ತಣ್ಣಗಿದ್ದಾಗ ಒಮ್ಮಿನೂ ತಕರಾರಿಲ್ಲ. ಓಡಿ, ಬಿಸಿ ಆಗಿ ನಿಂತಾಗಷ್ಟ." ಅಂದು ಉಪ್ಪಲ್‌ಗೆ ಹೋಗಿ ಬಂದು ಬೇಕೆಂದೇ ನಿಲ್ಲಿಸಿ, ಬೇಕೆಂದೇ ಕೀಲಿ ತಿರುವಿದಳು. ಟಕ್, ಟಕ್, ಟಕ್. ನಾನು ಅಭ್ಯಾಸಬಲದಿಂದ ಹಿಂದಕ್ಕೆ ಹೋದೆ. "ದೂಡಬ್ಯಾಡ!" ಎಂದು ಗದರಿಸಿ ಬಾನೆಟ್ ಎತ್ತಿದಳು.

ಆಮೇಲೆ ನಾನು ಕಂಡದ್ದನ್ನು ಹೇಳಿದರೆ ನೀವು ನಂಬಬೇಕು. ಮಕ್ಕಳ ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ ಅಂಗೈ ಮಗುಚಿ, ಬೆರಳ ಹಿಂಬದಿಯಿಂದ ಬ್ಯಾಟರಿಯ ವಯರುಗಳನ್ನು ಗೇಣು ಗೇಣಿಗೂ ಮುಟ್ಟುತ್ತ ಹೋದಳು. ಕಣ್ಣು ಮುಚ್ಚಿತ್ತು. ಗಲ್ಲಿಯಲ್ಲಿ ಹಾರ್ನ್ ಹೊಡೆಯುತ್ತಿದ್ದವನೂ ಸುಮ್ಮನಾದ! ಬ್ಯಾಟರಿಯಿಂದ ಕಾರಿನ ಮೈಗೆ ಬೋಲ್ಟ್ ಹಾಕಿದ ಕರಿ ವಯರಿನ ತುದಿಗೆ ಬಂದಾಗ ಕೈ ನಿಂತಿತು.

"ಇಲ್ಲಿ ಜ್ವರ ಐತಿ."

ಮುಟ್ಟಿದೆ. ಸುಡುತ್ತಿತ್ತು! ಭಾಯಿ ಬಂದ. "ಬೋಲ್ಟು ಟೈಟ್ ಹೈ ಅಮ್ಮಾ" ಎನ್ನುತ್ತಲೇ ಬಿಚ್ಚಿದ. ಮೇಲೆ ಫಳಫಳ, ಅಡಿಯಲ್ಲಿ ತುಕ್ಕು, ಹಸಿರು ಕಿಲುಬು. ಉಜ್ಜುಕಾಗದದಲ್ಲಿ ತಿಕ್ಕಿ ಕೂರಿಸಿದ ಮೇಲೆ, ಚಿಗವ್ವ ತನ್ನ ಚೀಲದ ಪೆಟ್ರೋಲಿಯಂ ಜೆಲ್ಲಿಯನ್ನು ಗಾಯಕ್ಕೆ ಸವರುವ ಹಾಗೆಯೇ ಸವರಿದಳು. ಬಿಸಿ ಎಂಜಿನ್ನು ಕೀಲಿ ಮುಟ್ಟುವಷ್ಟರಲ್ಲಿ ಎದ್ದಿತು. ಭಾಯಿ ಹಣೆಗೆ ಕೈ ಹಚ್ಚಿ ಸಲಾಂ ಹೊಡೆದ: "ಆಪ್ ಉಸ್ತಾದ್ ಹೈ ಅಮ್ಮಾ!"

ನಾನು ಸೋತಿದ್ದೆ. ಸೋತು ಇಷ್ಟು ಸಂತೋಷಪಟ್ಟದ್ದು ಅದೇ ಮೊದಲು.

"ಹೇಳು ಚಿಗವ್ವ, ಯಾವ ಗುಡಿ?"

ಅವಳು ಕೇಸ್ ಶೀಟನ್ನು ಸ್ಟೇರಿಂಗಿನಿಂದ ಬಿಚ್ಚಿ ನನ್ನ ಕೈಗಿಟ್ಟಳು. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ನಾಲ್ಕು, ಐದು, ಐದು, ಏಳು. ಗಿರಾಕಿ ಬಂದ ದಿನ ಹನ್ನೊಂದು. ಅದರ ಪಕ್ಕ ಸಣ್ಣಗೆ: ಎಡಗೈ.

"ಹು. ಅಂದ್ರ ಹುಡುಗ" ಎಂದಳು. "ಗಾಡಿ ದೂಡಿದ ಮ್ಯಾಲೆ ನಿನ್ನ ಉಸಿರು ಹದಕ್ಕ ಬರಾಕ ಹಿಡಿದ ನಿಮಿಷ. ಏರಾಕತ್ತೈತಿ ನೋಡು. ನಡಿ, ಹಾರ್ಟಿನ ಡಾಕ್ಟರ್ ಕಡೆ ಹೋಗೂಣು. ಹೇಳಿಟ್ಟೀನಿ."

"ಈಗ ಏನೂ ಇಲ್ಲ ಚಿಗವ್ವ! ಆರಾಮದೀನಿ!"

"ಗ್ಯಾರೇಜಿನಾಗ ಗಾಡಿನೂ ಹಂಗ ಅಂತಿತ್ತು."

ಎಡಗಡೆಯ ಸೀಟಿನಲ್ಲಿ ಕೂತೆ. ಅವಳು ಕೀಲಿಗೆ ಕೈ ಹಾಕಿದಳು. ದೇವರೇ, ಇದೊಂದು ಸಲ ಸ್ಟಾರ್ಟ್ ಆಗದಿರಲಿ ಎಂದು ಬೇಡಿಕೊಂಡೆ. ಒಂದೇ ಏಟಿಗೆ ಆಯಿತು.

ದಾರಿಯುದ್ದಕ್ಕೂ, ಗೇರು ಬದಲಿಸಿದ ಪ್ರತಿ ಸಲವೂ ಅವಳ ಎಡಗೈ ಮಗುಚಿಕೊಂಡು ನನ್ನ ಮಣಿಕಟ್ಟಿನ ಮೇಲೆ ಬಂದು ಒಂದು ಕ್ಷಣ ಕೂರುತ್ತಿತ್ತು, ಮತ್ತೆ ಗೇರಿಗೆ ಹೋಗುತ್ತಿತ್ತು.