ಕೌದಿಯೊಳಗೆ ಹೋದ ವಿಮಾನ

ನಿವೃತ್ತಿಯ ನಂತರ ಹಣ ಹೇಗೆ ಉಳಿಸಬೇಕು ಎಂಬ ವಿಷಯದಲ್ಲಿ ಧಾರವಾಡದ ಸಪ್ತಾಪುರಕ್ಕೆಲ್ಲ ನಾನೇ ಪಂಡಿತ! ಹಾಗೆಂದು ಬೇರೆ ಯಾರೂ ಹೇಳಿಲ್ಲ, ನಾನೇ ಹೇಳಿಕೊಳ್ಳುತ್ತಿದ್ದೆ. ಸಂಜೆ ವಾಕಿಂಗಿಗೆ ಬಂದವರನ್ನು ತಡೆದು ನಿಲ್ಲಿಸಿ, "ಸುಮ್ಮನ ರೊಕ್ಕ ಕೂಡಿಸಬ್ಯಾಡ್ರಿ. ಒಂದು ಉದ್ದೇಶ ಇಟ್ಕೊಂಡು ಕೂಡಿಸ್ರಿ, ವಯಸ್ಸಾದ ಮ್ಯಾಲೆ ಸುಖಾ ಪಡ್ರಿ" ಎಂದು ಉಪದೇಶ ಮಾಡುತ್ತಿದ್ದೆ. ಇತ್ತೀಚೆಗೆ ಎಲ್ಲರೂ ಬೇರೆ ರಸ್ತೆಯಲ್ಲಿ ವಾಕಿಂಗ್ ಮಾಡತೊಡಗಿದ್ದರು.

ನನ್ನ ಉದ್ದೇಶವೂ ಸಣ್ಣದಲ್ಲ. ಮೊಣಕಾಲು ಪೂರ್ತಿ ಕೈಕೊಡುವ ಮೊದಲು ಒಮ್ಮೆಯಾದರೂ ವಿಮಾನದಲ್ಲಿ ಕೂಡಬೇಕೆಂದು ನನ್ನ ಹೆಂಡತಿ ಶಾಂತಾಳ ಆಸೆ. ಹುಬ್ಬಳ್ಳಿಗೆ ಇಳಿಯುವ ವಿಮಾನದ ಸದ್ದು ಕೇಳಿದರೆ ಸಾಕು, ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತಾಳೆ. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತದೆ. ಆ ರೊಟ್ಟಿ ನನಗೆ! "ಬರೋ ವರ್ಷ ಖಂಡಿತ ಹೋಗೂಣು" ಎಂದು ನಾನು ಮಾತು ಕೊಟ್ಟು ಐದು ವರ್ಷವಾಗಿತ್ತು.

ಹಣ ಬ್ಯಾಂಕಿನಲ್ಲಿಟ್ಟರೆ ಫೋನಿನ ಮೂಲಕ ಅದು ನೇರವಾಗಿ ಗಿರಮಿಟ್ಟು, ಮಿರ್ಚಿ ಅಂಗಡಿಗೆ ಹೋಗಿಬಿಡುತ್ತದೆ ಎಂದು ಪ್ರತಿ ತಿಂಗಳು ಪಿಂಚಣಿಯಲ್ಲಿ ಒಂದಿಷ್ಟು ತೆಗೆದು ನನ್ನ ಮದುವೆಯ ಕೋಟಿನ ಒಳಜೇಬಿಗೆ ಸೇರಿಸುತ್ತಿದ್ದೆ. ಉಣ್ಣೆಯ ಕೋಟು. ಮದುವೆಯಲ್ಲಿ ಅದು ನನಗೆ ಸಡಿಲವಾಗಿತ್ತು, ಕಚೇರಿಯ ಬೀಳ್ಕೊಡುಗೆಯ ದಿನ ಗುಂಡಿಯೇ ಹತ್ತಲಿಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ಅದನ್ನು ಕಳ್ಳನೂ ಮುಟ್ಟುವುದಿಲ್ಲವೆಂದು ನನ್ನ ದೃಢವಾದ ನಂಬಿಕೆ. ಕಳ್ಳ ಮುಟ್ಟಲಿಲ್ಲ, ಖರೇ.

ಒಂದು ದಿನ ಶಾಂತಾ ಊಟಕ್ಕೆ ಬಡಿಸುತ್ತಾ, "ಏನ್ರಿ, ಟ್ರಂಕಿನ್ಯಾಗಿನ ಹಳೇ ಬಟ್ಟಿ-ಅರಬಿ ಎಲ್ಲಾ ಗಂಗವ್ವಗ ಕೊಟ್ಟಿದ್ದೆ. ಸುಜಾತಾನ ಕೂಸಿಗೆ ಎಷ್ಟು ಛಲೋ ಕೌದಿ ಹೊಲದಾಳ ಅಂತೀರಿ!" ಎಂದಳು. ಗಂಗವ್ವ ನಮ್ಮ ಓಣಿಯಲ್ಲಿ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುವಾಕೆ. ಸುಜಾತಾ ನನ್ನ ಹೆಂಡತಿಯ ತಮ್ಮನ ಮಗಳು, ಕೊಟ್ಟಿದ್ದು ಉಪ್ಪಿನಬೆಟಗೇರಿಗೆ.

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ನನ್ನ ಕೋಟು?"

"ಅದು ನಡುವಿನ ಪದರಕ್ಕ ಹೋತು. ಮೆತ್ತಗ ಐತಿ, ಕೂಸಿಗೆ ಬೆಚ್ಚಗ ಆಕ್ಕೇತಿ ಅಂದ್ಲು."

"ಕೌದಿ ಎಲ್ಲೈತಿ?"

"ಹೋದ ವಾರ ತೊಟ್ಟಿಲಕ ಹಾಕೂ ದಿವಸ ಕೊಟ್ಟು ಬಂದೆನಲ್ರಿ!"

ಶಾಂತಾಳ ವಿಮಾನ ಉಪ್ಪಿನಬೆಟಗೇರಿಯಲ್ಲಿ ಒಂದು ಕೂಸಿನ ಕೆಳಗೆ ಸಿಕ್ಕಿಬಿದ್ದಿತ್ತು! ಆಕೆಗೆ ಹೇಳಿದರೆ ನನ್ನ ಮಾತಿನ ಮೇಲಿನ ಐದು ವರ್ಷದ ನಂಬಿಕೆ ಹಾಳು. ಆದ್ದರಿಂದ ಮಹಾ ಚಾಣಾಕ್ಷನಂತೆ, "ನಾಳೆ ಕೂಸಿನ್ನ ನೋಡಿ ಬರ್ತೇನಿ" ಎಂದೆ.

"ನಮ್ಮ ಮಕ್ಕಳನ್ನ ಒಂದು ದಿವಸ ಎತ್ತಿಕೊಂಡವರಲ್ಲ. ಇದೇನಿದು ಹೊಸಾ ಮಾಯಾ?" ಎಂದಳು ಶಾಂತಾ. ಆಕೆ ಯಾಕೋ ನಕ್ಕಳು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮರುದಿನ ಬಸ್ಸು ಹತ್ತಿದೆ. ಸುಜಾತಾಳ ಅತ್ತೆ ಪಾರವ್ವ ನನ್ನನ್ನು ಕಂಡು ಹಿಗ್ಗಿದರು. "ಬರ್ರಿ ಬೀಗರ! ನೀವು ಕೊಟ್ಟ ಕೌದಿ ಭಾರೀ ಐತಿ ನೋಡ್ರಿ. ಕೂಸು ಅಳ್ಳಾಡಿದ್ರ ಒಳಗ ಚರ್ ಚರ್ ಅಂತೈತಿ. ಆ ಸಪ್ಪಳಕ್ಕ ಹಂಗ ನಿದ್ದಿ ಮಾಡತೈತಿ!"

ನೋಟುಗಳ ಸಪ್ಪಳ!

ಊಟವಾಯಿತು, ಹೆಂಗಸರು ಅಡುಗೆಮನೆಗೆ ಹೋದರು. ನಾನು ಜೇಬಿನಿಂದ ನೇಲ್ ಕಟರ್ ತೆಗೆದು ತೊಟ್ಟಿಲಿನ ಬಳಿ ಕೂತೆ. ಗಂಗವ್ವನ ಹೊಲಿಗೆ ಎಂದರೆ ಇರುವೆ ಸಾಲು ಹಚ್ಚಿದಂತೆ ಒತ್ತೊತ್ತು. ಒಂದು ಎಳೆ ಕತ್ತರಿಸುವಷ್ಟರಲ್ಲಿ ಬೆವರು ಕಿತ್ತುಬಂತು. ಕೌದಿಯನ್ನು ಸ್ವಲ್ಪ ನನ್ನ ಕಡೆಗೆ ಎಳೆದೆ. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿತು. ನಂತರ ಬಹಳ ಗಂಭೀರವಾಗಿ ನನ್ನ ಕೈಮೇಲೆ ಉಚ್ಚೆ ಹೊಯ್ದು, ಊರು ಒಂದಾಗುವಂತೆ ಕಿರುಚಿತು!

"ಬೀಗರ! ಏನ್ ಮಾಡಾಕತ್ತೀರಿ?" ಪಾರವ್ವ ಬಾಗಿಲಲ್ಲಿ ನಿಂತಿದ್ದರು.

"ಏನಿಲ್ರಿ, ಹೊಲಿಗಿ ಗಟ್ಟಿ ಐತೇನು ನೋಡಾಕತ್ತಿದ್ದೆ."

"ಕೊಟ್ಟ ಕೌದಿ ಹರಿಯಾಕ ಧಾರವಾಡದಿಂದ ಬಸ್ ಹತ್ತಿ ಬಂದ್ರೇನು?"

ಕೂಸಿನ ಕೂಗಿಗೆ ಅಕ್ಕಪಕ್ಕದವರೂ ಕೂಡಿದರು. ಕೊಟ್ಟ ಉಡುಗೊರೆಯನ್ನು ವಾಪಸು ಒಯ್ಯಲು ಬಂದ ಜಿಪುಣ ಬೀಗನನ್ನು ಎಲ್ಲರೂ ಬೆರಗಾಗಿ ನೋಡಿದರು. ಮಾನ ಹೋದ ಮೇಲೆ ಮುಚ್ಚಿಡುವುದೇನು? "ಅದರಾಗ ನಮ್ಮ ವಿಮಾನ ಐತ್ರಿ!" ಎಂದು ಕೂಗಿಬಿಟ್ಟೆ.

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಸುಜಾತಾ ಗಾಬರಿಯಾಗಿ ಶಾಂತಾಳಿಗೆ ಫೋನು ಹಚ್ಚಿದಳು. "ಅತ್ತಿ, ಮಾವಾರು ಏನೇನೋ ಮಾತಾಡಾಕತ್ತಾರ. ಲಗೂ ಬಾ!"

ನಾನು ಅಷ್ಟರಲ್ಲಿ ಕೌದಿಯ ಒಂದು ಬದಿ ಬಿಚ್ಚಿ ಕೈ ಹಾಕಿದ್ದೆ. ಚರ್ ಎಂದಿತು. ಎಳೆದೆ. ಬಂದದ್ದು ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆ. ಬೀಳ್ಕೊಡುಗೆಯ ದಿನ ಕಚೇರಿಯಲ್ಲಿ ನನಗೆ ಕೊಟ್ಟ ಸನ್ಮಾನ ಪತ್ರ! ಸುಜಾತಾ ಜೋರಾಗಿ ಓದಿದಳು: "ದೂರದೃಷ್ಟಿ, ಮಿತವ್ಯಯ ಹಾಗೂ ಮುಂಜಾಗ್ರತೆಯ ಸಾಕಾರಮೂರ್ತಿಯಾದ ಶ್ರೀಯುತರು..." ಮುಂದಿನ ಸಾಲುಗಳನ್ನು ಮೂಗು ಮುಚ್ಚಿಕೊಂಡು ಓದಬೇಕಾಯಿತು.

ಸ್ಪೀಕರಿಗೆ ಹಾಕಿದ್ದ ಫೋನಿನೊಳಗಿಂದ ಶಾಂತಾಳ ನಗು ಕೇಳಿಸಿತು. "ಅದೂ ಟ್ರಂಕಿನ್ಯಾಗ ಇತ್ತು, ಗಂಗವ್ವ ಬೇಕಂತ ಇಟ್ಟು ಹೊಲದಾಳ್ರಿ. ಪ್ಲಾಸ್ಟಿಕ್ ಇದ್ರ ಹಾಸಿಗಿಗೆ ಹಸಿ ಇಳಿಯೂದಿಲ್ಲಂತ."

"ಮತ್ತ ರೊಕ್ಕ?"

"ಕೋಟು ಬಿಚ್ಚಿದ ದಿವಸಾನ ತಂದು ನನ್ನ ಕೈಯಾಗ ಇಟ್ಲು. ಒಂದು ನೋಟು ಮುಟ್ಟಿಲ್ಲ ಆಕಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮತ್ತೊಂದು ಕೋಟು ಹುಡುಕತಿದ್ರಿ."

ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ವಿಮಾನಕ್ಕೆ ಬೇಕಾದಷ್ಟು ಹಣ ಎಂದೋ ಕೂಡಿತ್ತು. ಕೂಡಿಸುವ ರುಚಿ ಹತ್ತಿದ ಮೇಲೆ ನನಗೆ ಖರ್ಚು ಮಾಡುವ ಧೈರ್ಯವೇ ಆಗಿರಲಿಲ್ಲ.

"ಬೆಂಗಳೂರಿಗೆ ಎರಡು ಟಿಕೆಟ್ ತಗಸೇನಿ. ಬರೋ ಸೋಮವಾರ" ಎಂದಳು ಶಾಂತಾ.

ನನ್ನ ಜೀವ ಹಗುರಾಯಿತು. "ಛಲೋ ಆತು ನೋಡು! ನಾನು ಕಿಟಕಿ ಕಡೆ..."

"ನೀವಲ್ಲ. ನಾನು, ಗಂಗವ್ವ. ಟಿಕೆಟಿನ ಮಾತು ತಗದಾಗೊಮ್ಮೆ ಎತ್ತರಕ್ಕ ಹೋದ್ರ ತಲಿ ತಿರುಗತೈತಿ ಅಂತಿದ್ರಲ್ಲ? ನಿಮಗ ತ್ರಾಸ ಯಾಕಂತ ಬಿಟ್ಟೆ."

ಸನ್ಮಾನ ಪತ್ರವಿಲ್ಲದೆ ಕೂಸು ಸುಮ್ಮನಾಗಲಿಲ್ಲ. ಪಾರವ್ವ ಸೂಜಿ, ದಾರ ತಂದು ನನ್ನ ಮುಂದಿಟ್ಟರು. ನನ್ನ ದೂರದೃಷ್ಟಿಯನ್ನು ತೊಳೆದು, ಒರೆಸಿ, ನಾನೇ ಒಳಗಿಟ್ಟು ಹೊಲಿದು ಬಂದೆ.

ಸೋಮವಾರ ವಿಮಾನ ನಿಲ್ದಾಣದವರೆಗೆ ಇಬ್ಬರ ಬ್ಯಾಗುಗಳನ್ನೂ ಹೊತ್ತೆ. ಶಾಂತಾ ಇಳಕಲ್ ಸೀರೆ ಉಟ್ಟಿದ್ದಳು, ಗಂಗವ್ವ ಭಯಕ್ಕೆ ಆಕೆಯ ಸೆರಗು ಹಿಡಿದಿದ್ದಳು. ಬಾಗಿಲಲ್ಲಿ ಶಾಂತಾ ಹಿಂತಿರುಗಿ, "ಡಬ್ಬಿಯೊಳಗ ರೊಟ್ಟಿ ಇಟ್ಟೇನಿ, ಕರಕಾಗಿಲ್ಲ" ಎಂದಳು. ಅಷ್ಟು ಖುಷಿಯ ಮುಖವನ್ನು ನಾನು ಐದು ವರ್ಷ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆನಲ್ಲ ಎನಿಸಿತು.

ಹೊರಗೆ ಬಂದು ಬೇಲಿಯ ಹತ್ತಿರ ನಿಂತೆ. ವಿಮಾನ ಕಂಡಿತು. ಟವೆಲ್ಲು ಬೀಸಿದೆ, ಕೂಗಿದೆ, ಕಣ್ಣೀರು ಒರೆಸಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಆಟೋದವನು ಸ್ವಲ್ಪ ಹೊತ್ತು ನೋಡಿ, ಸಮಾಧಾನವಾಗಿ ಹೇಳಿದ:

"ಕಾಕಾ, ಅದು ಈಗ ಇಳ್ಯಾಕತ್ತೇತ್ರಿ."