ಆನೆ, ಕತ್ತೆ ಮತ್ತು ವಾಡಿಯ ಕಾಕಾ

ಅಮೆರಿಕದ ಅಧ್ಯಕ್ಷರು ಒಂದೇ ಒಂದು ಸಲ ನಮ್ಮ ವಾಡಿ ಜಂಕ್ಷನ್ನಿನಲ್ಲಿ ಇಳಿದು, ಪಾರ್ಸಲ್ ಆಫೀಸಿನ ಮುಂದಿನ ಬೆಂಚಿನ ಮೇಲೆ ಅರ್ಧ ತಾಸು ಕುಳಿತಿದ್ದರೆ ಆ ದೇಶದ ಅರ್ಧ ತಾಪತ್ರಯ ಅಲ್ಲೇ ತೀರಿಹೋಗುತ್ತಿತ್ತು. ಇದು ನನ್ನ ಮಾತಲ್ಲ, ನನ್ನ ಗಂಡನ ಕಾಕಾರ ಮಾತು. ಉಳಿದರ್ಧ ತಾಪತ್ರಯ? ಅದಕ್ಕೆ ಅಧ್ಯಕ್ಷರು ಇನ್ನೊಂದು ಸಲ ಬರಬೇಕಾಗುತ್ತಿತ್ತು!

ಕಾಕಾ ಅಂದರೆ ನಮ್ಮ ಮಾವನವರ ಬೆನ್ನಿಗೆ ಹುಟ್ಟಿದವರು. ವಾಡಿ ಸ್ಟೇಷನ್ನಿನಲ್ಲಿ ಪಾರ್ಸಲ್ ಕ್ಲಾರ್ಕು. ಊರಿಗೆಲ್ಲ ಅವರು ಕಾಕಾನೇ. ಅವರಿಗಿಂತ ಹಿರಿಯರೂ ಅವರನ್ನು ಕಾಕಾ ಅನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ, "ಎರಡೂ ಕಡಿಯವರ ಮಾತು ಕೇಳ್ಕೋತ ಕುಂತೆ, ಮುಹೂರ್ತ ಮೀರಿ ಹೋಯ್ತು" ಎನ್ನುತ್ತಿದ್ದರು.

ನಾನು ಸೇಡಂನಿಂದ ಸೊಸೆಯಾಗಿ ಆ ಮನೆಗೆ ಬಂದ ಮೂರನೇ ದಿನ. ತಲೆಯ ಮೇಲೆ ಸೆರಗು ಹೊದ್ದು ಚಹಾ ತಂದು ಕಾಕಾರ ಮುಂದಿಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು:

"ಏನವ್ವಾ, ನೀ ಆನಿ ಕಡೀಯಾಕಿನೋ, ಕತ್ತಿ ಕಡೀಯಾಕಿನೋ?"

ತವರಿನಲ್ಲಿ ನಮ್ಮವ್ವ ನನ್ನನ್ನು ಎಷ್ಟೋ ಪ್ರಶ್ನೆಗಳಿಗೆ ತಯಾರು ಮಾಡಿ ಕಳಿಸಿದ್ದಳು. ಜೋಳದ ರೊಟ್ಟಿ ತೆಳ್ಳಗೆ ಬಡಿಯಲು ಬರುತ್ತದಾ, ಲಿಂಗಪೂಜೆ ದಿನಾ ಮಾಡುತ್ತೀಯಾ, ಶಾಲೆ ಕೆಲಸ ಬಿಡುತ್ತೀಯೋ ಮುಂದುವರಿಸುತ್ತೀಯೋ... ಇದೊಂದನ್ನು ಮಾತ್ರ ಕಲಿಸಿರಲಿಲ್ಲ! ಕತ್ತೆಗಿಂತ ಆನೆಯೇ ಮೇಲು ಅನಿಸಿತು.

"ಆನಿ ಕಡೀಯಾಕಿರಿ."

"ಯಾಕ?"

"ಅದು ದೊಡ್ಡದಿರ್ತದಲ್ರಿ."

ಕಾಕಾ ಹಣೆ ಹಣೆ ಬಡಿದುಕೊಂಡರು. "ನೋಡು, ಅಮೆರಿಕದಾಗೂ ಅರ್ಧ ಮಂದಿ ಹಿಂಗೇ ವೋಟ್ ಹಾಕ್ತಾರ!"

ಅಡುಗೆಮನೆಯಿಂದ ನಮ್ಮ ಅತ್ತೆ ಓಡಿ ಬಂದರು. "ಮನಿಗೆ ಬಂದು ಮೂರು ದಿನ ಆಗಿಲ್ಲ, ಹೊಸ ಸೊಸಿಗೆ ಕತ್ತಿ ಅಂತೀರಲ್ರಿ!"

"ಬೈಗಳ ಅಲ್ಲ ವೈನಿ. ಅಲ್ಲಿ ಎರಡು ಪಾರ್ಟಿ ಅವ. ಒಂದರ ಗುರುತು ಆನಿ, ಇನ್ನೊಂದರ ಗುರುತು ಕತ್ತಿ. ಕತ್ತಿ ಅಂದ್ರ ಅಲ್ಲಿ ಮಾನದ ಮಾತು."

"ಹಂಗಿದ್ರ ಆ ಮಾನ ನೀವೇ ಇಟ್ಕೊಳ್ರಿ" ಎಂದು ಅತ್ತೆ ಒಳಗೆ ಹೋದರು.

ವಾಡಿಯಲ್ಲಿ ಕುಳಿತ ಮನುಷ್ಯನಿಗೆ ಅಮೆರಿಕದ ಹುಚ್ಚು ಹಿಡಿದದ್ದು ಹೇಗೆ ಅಂತೀರಾ? ಎಲ್ಲ ರೈಲಿನ ಮಹಿಮೆ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಗಾಡಿ, ಸಿಕಂದರಾಬಾದಿಗೆ ತಿರುಗುವ ಗಾಡಿ, ಎಲ್ಲವೂ ನಮ್ಮ ಜಂಕ್ಷನ್ನಿನಲ್ಲಿ ನೀರು ಕುಡಿದೇ ಮುಂದೆ ಹೋಗಬೇಕು. ಫಸ್ಟ್ ಕ್ಲಾಸಿನ ಸಾಹೇಬರು ಓದಿ ಬಿಸಾಕಿದ ಇಂಗ್ಲಿಷ್ ಪೇಪರು, ಬಣ್ಣದ ಮ್ಯಾಗಝಿನ್ನು, ರೈಲಿನ ಡಬ್ಬಿ ಗುಡಿಸುವವರ ಕೈಯಿಂದ ನೇರ ಕಾಕಾರ ಮೇಜಿಗೆ ಬರುತ್ತಿದ್ದವು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದ ಮನುಷ್ಯ, ಡಿಕ್ಷನರಿ ಹಿಡಿದು ತಾನೇ ಇಂಗ್ಲಿಷ್ ಕಲಿತಿದ್ದರು. ಸುದ್ದಿ ಎಂಟು ಹತ್ತು ದಿನ ಹಳೆಯದು, ನಿಜ. ಅಲ್ಲಿ ಗೆದ್ದವನ ಕೊರಳ ಹಾರ ಒಣಗಿ ಉದುರಿದ ಮೇಲೂ ನಮ್ಮ ಪ್ಲಾಟ್‌ಫಾರಂ ಮೇಲೆ ಸೋತವನಿಗೆ ಇನ್ನೂ ಆಸೆ ಇರುತ್ತಿತ್ತು!

ಅರವತ್ತರ ದಶಕದ ಆ ವರ್ಷಗಳಲ್ಲಿ ಅಮೆರಿಕದಲ್ಲೊಂದು ದೊಡ್ಡ ಜಗಳ ನಡೆದಿತ್ತು. ವಯಸ್ಸಾದವರು ಕಾಯಿಲೆ ಬಿದ್ದರೆ ದವಾಖಾನೆಯ ಖರ್ಚನ್ನು ಸರಕಾರ ಹೊರಬೇಕೋ, ಬೇಡವೋ? ಕತ್ತೆಯವರು ಹೊರಬೇಕು ಅಂದರು. ಆನೆಯವರು ಬೇಡ ಅಂದರು. ಡಾಕ್ಟರರೂ ಬಹಳ ಮಂದಿ ಬೇಡ ಅಂದರಂತೆ. ಅಷ್ಟು ಶ್ರೀಮಂತ ದೇಶದಲ್ಲೂ ದವಾಖಾನೆಗೆ ಅಂಜಿ ಮನೆಯಲ್ಲೇ ನರಳುವ ಮುದುಕರಿದ್ದಾರೆ ಎಂದು ಓದಿ ಕಾಕಾರಿಗೆ ಊಟ ಸೇರಲಿಲ್ಲ. ಅದರ ಜೊತೆಗೆ ಇನ್ನೊಂದು ಸಂಕಟ: 'ಆದರೆ' ಅನ್ನುವ ಶಬ್ದಕ್ಕೆ ಪುಟ ಮುಗಿದಿತ್ತು, ಮುಂದಿನ ಪುಟವೇ ಇರಲಿಲ್ಲ!

ಕಾಕಾ ನೆಟ್ಟಗೆ ಪ್ಲಾಟ್‌ಫಾರಂ ಮೇಲೆ ಹಳೆಯ ಪೇಪರಿನಲ್ಲಿ ಭಜಿ ಕಟ್ಟಿ ಮಾರುವ ಮಾಮುವಿನ ಹತ್ತಿರ ಹೋದರು.

"ಮಾಮು, ಇದರ ಮುಂದಿನ ಹಾಳಿ ಎಲ್ಲಿ?"

"ಮಿರ್ಚಿ ಭಜಿ ಕಟ್ಟಿ ಕೊಟ್ಟೆ ಕಾಕಾ. ಅಗೋ, ಆ ಪ್ಯಾಸೆಂಜರ್ ಗಾಡ್ಯಾಗ ಅದ."

ಗಾಡಿ ಹೊರಡುವುದರಲ್ಲಿತ್ತು. ಕಾಕಾ ಧೋತರದ ಚುಂಗು ಕೈಯಲ್ಲಿ ಹಿಡಿದು ಡಬ್ಬಿಯಿಂದ ಡಬ್ಬಿಗೆ ಓಡಿದರು. ನಾಲ್ಕನೇ ಡಬ್ಬಿಯಲ್ಲಿ ದಪ್ಪ ಮೀಸೆಯ ಗೌಡರೊಬ್ಬರು ತೊಡೆಯ ಮೇಲೆ ಅಮೆರಿಕವನ್ನು ಹಾಸಿಕೊಂಡು ತಿನ್ನುತ್ತ ಕುಳಿತಿದ್ದರು.

"ಯಜಮಾನ್ರ, ಆ ಹಾಳಿ ಬೇಕಾಗಿತ್ರಿ."

"ಭಜಿ ಅವಲ್ರಿ ಇದ್ರಾಗ?"

"ಭಜಿ ನಿಮ್ಮವು ನೀವು ತಗೋರಿ, ಅಮೆರಿಕ ನಂದು ನನಗ ಕೊಡ್ರಿ!"

ಗೌಡರು ಗಾಬರಿಯಾಗಿ ಭಜಿಗಳನ್ನು ಟೋಪಿಯಲ್ಲಿ ಹಾಕಿಕೊಂಡು ಹಾಳೆ ಕೊಟ್ಟರು. ಎಣ್ಣೆ ಕುಡಿದ ಆ ಹಾಳೆಯನ್ನು ಕಾಕಾ ಮನೆಗೆ ತಂದು ಬೆಳಕಿಗೆ ಹಿಡಿದರು. ಈ ಮಗ್ಗುಲಲ್ಲಿ ಕತ್ತೆಯ ವಾದ, ಆ ಮಗ್ಗುಲಲ್ಲಿ ಆನೆಯ ವಾದ. ಎಣ್ಣೆಯ ದೆಸೆಯಿಂದ ಎರಡೂ ಒಂದರ ಮೇಲೊಂದು ಒಮ್ಮೆಲೇ ಕಾಣುತ್ತಿದ್ದವು. ನಾನು "ಇದನ್ನ ಹ್ಯಾಂಗ ಓದ್ತೀರಿ ಕಾಕಾ?" ಅಂದೆ. "ಹಿಂಗೇ ಓದ್ಬೇಕವ್ವಾ! ಒಂದೇ ಮಗ್ಗುಲು ಓದಿದವರಿಂದಲೇ ಜಗತ್ತು ಕೆಟ್ಟದ" ಅಂದರು.

ಸ್ಟೇಷನ್ ಎದುರಿನ ಚಹಾದ ಹೋಟೆಲಿನಲ್ಲಿ ಕಾಕಾರ ದರಬಾರು. ಅಲ್ಲಿಗೆ ಇಬ್ಬರು ತಪ್ಪದೆ ಬರುತ್ತಿದ್ದರು. ಒಬ್ಬರು ಶಹಾಬಾದ ರಸ್ತೆಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿ ನಡೆಸುತ್ತಿದ್ದ ಗುತ್ತೇದಾರರು. ಇನ್ನೊಬ್ಬ ಆ ಖಣಿಗಳ ಕಲ್ಲು ಒಡೆಯುವವರ ಯೂನಿಯನ್ನಿನ ಲೀಡರ್. ಎದುರೆದುರು ಕುಳಿತರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಏನೇ ಹೇಳುವುದಿದ್ದರೂ ಕಾಕಾರ ಮುಖಾಂತರ.

"ಕಾಕಾ, ಪುಕಟ್ ಕೊಟ್ರ ಮಂದಿ ಮೈಗಳ್ಳರಾಗ್ತಾರ. ಆನಿಯವರು ಖರೆ ಹೇಳ್ಯಾರ" ಎಂದು ಗುತ್ತೇದಾರರು.

"ಬ್ಯಾನಿ ಬಂದವ ಮೈಗಳ್ಳ ಹ್ಯಾಂಗ ಆಗ್ತಾನ್ರಿ? ಯಾರರ ಮಜಾಕ್ಕ ಜ್ವರ ಬರಸ್ಕೋತಾರೇನು?" ಎಂದು ಕಾಕಾ.

ಲೀಡರ್ ಕುಣಿದು ಮೇಜು ಗುದ್ದುತ್ತಿದ್ದ. "ಅಂದ್ರ ಕಾಕಾ ನಮ್ಮವರು!"

"ನಿನ್ನವ ಅಲ್ಲಪಾ. ಡಾಕ್ಟರ್ ಎಲ್ಲಿಂದ ತರ್ತೀರಿ, ಔಷಧ ಯಾರು ನೋಡ್ಕೋತಾರ, ಅಂತ ಆನಿಯವರು ಸವಾಲ್ ಹಾಕ್ಯಾರ. ಅದಕ್ಕ ನಿನ್ನ ಕತ್ತಿ ಬರೇ ಒದರ್ತದ, ಜವಾಬ್ ಕೊಡವಲ್ದು."

ಇಬ್ಬರೂ ಸಿಟ್ಟಿಗೇಳುತ್ತಿದ್ದರು. ಮರುದಿನ ಇಬ್ಬರೂ ಬರುತ್ತಿದ್ದರು! ಬೈಯುವುದರಲ್ಲಿ ಪಕ್ಷಪಾತ ಮಾಡದ ಮನುಷ್ಯ ಈಗ ಎಲ್ಲಿ ಸಿಗುತ್ತಾನೆ ಹೇಳಿ?

ಇಲ್ಲಿಯವರೆಗೆ ನಗುವಿನ ಮಾತಾಯಿತು. ಆದರೆ ಅದೇ ಜಗಳ ನಮ್ಮ ಊರಿಗೇ ಬಂತು.

ರೈಲ್ವೆಯವರಿಗೆ ರೈಲ್ವೆಯ ಡಾಕ್ಟರಿದ್ದರು. ಖಣಿಯವರಿಗೆ ಯಾರೂ ಇರಲಿಲ್ಲ. ಕಣ್ಣಿಗೆ ಕಲ್ಲಿನ ಚಕ್ಕೆ ಸಿಡಿದವರನ್ನು, ಧೂಳು ಕುಡಿದು ಕೆಮ್ಮಿ ಕೆಮ್ಮಿ ಬಾಗಿದವರನ್ನು ಕಲ್ಲಿನ ಲಾರಿಯ ಮೇಲೆ ಮಲಗಿಸಿ ಶಹಾಬಾದಿಗೋ ಗುಲ್ಬರ್ಗಕ್ಕೋ ಒಯ್ಯಬೇಕಿತ್ತು. ನಾನು ಕಲಿಸುತ್ತಿದ್ದ ಶಾಲೆಯ ಮೂವರು ಮಕ್ಕಳ ಅಪ್ಪಂದಿರಿಗೆ ಒಂದೊಂದೇ ಕಣ್ಣು. ಅಂಥ ಊರಿಗೆ ಒಂದು ಸರಕಾರಿ ದವಾಖಾನೆ ಮಂಜೂರಾಯಿತು. ಎಲ್ಲಿ ಆಗಬೇಕು? ತಗೋ, ಶುರುವಾಯಿತು! ಖಣಿಯ ಹತ್ತಿರ ತಮ್ಮ ಜಾಗದಲ್ಲಾಗಲಿ ಎಂದು ಗುತ್ತೇದಾರರು. ಹಳಿಯ ಆಚೆ ಗುಡಿಸಲುಗಳ ನಡುವೆ ಯೂನಿಯನ್ ಆಫೀಸಿನ ಪಕ್ಕದಲ್ಲೇ ಆಗಲಿ ಎಂದು ಲೀಡರ್. ಅರ್ಜಿಗೆ ಎದುರರ್ಜಿ, ಸಭೆಗೆ ಎದುರು ಸಭೆ. ಕೊನೆಗೆ ಚಿತ್ತಾಪುರದ ತಾಲೂಕು ಕಚೇರಿಯಿಂದ ಬಂದ ಸಾಹೇಬರು, "ಎಂಟು ದಿನದೊಳಗ ಒಂದು ಜಾಗ ಹೇಳ್ರಿ. ಇಲ್ಲಂದ್ರ ಇದನ್ನ ಚಿಂಚೋಳಿ ಕಡಿಗೆ ಕಳಸ್ತೀನಿ" ಎಂದು ಹೇಳಿ ಜೀಪು ಹತ್ತಿದರು.

ಆರು ದಿನ ಹಾಗೇ ಹೋದವು. ಏಳನೆಯ ದಿನ ರವಿವಾರ. ಕಾಕಾ ನನ್ನಿಂದ ಶಾಲೆಯ ಕೀಲಿ ಇಸಿದುಕೊಂಡು ಇಬ್ಬರನ್ನೂ ಕರೆಸಿದರು. ಒಂದನೇ ಇಯತ್ತೆಯ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಇಬ್ಬರೂ ಕುಳಿತರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಅಮೆರಿಕದಾಗ ಆನಿ, ಕತ್ತಿ ವರ್ಷಾನುಗಟ್ಲೆ ಗುದ್ದಾಡ್ಯಾವ" ಎಂದು ಕಾಕಾ ಶುರು ಮಾಡಿದರು. "ಅವು ಗುದ್ದಾಡೋ ತನಕ ಮುದುಕರ ಬ್ಯಾನಿ ತಡೀಲಿಲ್ಲ, ಸತ್ತೇ ಹೋದ್ರು. ಆಮ್ಯಾಲ ಕಾಯ್ದೆ ಆಯ್ತು. ಹ್ಯಾಂಗ ಆಯ್ತು? ಆನ್ಯಾಗಿನ ನಾಕು ಮಂದಿ ಶಾಣ್ಯಾರು ಎದ್ದು ಕತ್ತಿ ಕಡಿ ಕೈ ಎತ್ತಿದ್ರು. ಇವತ್ತು ನೀವೂ ಒಂದು ಕೆಲಸ ಮಾಡ್ರಿ. ಗುತ್ತೇದಾರ್ರ, ನೀವು ಲೀಡರ್‌ನ ವಾದ ಹೇಳ್ರಿ. ಲೀಡರ್, ನೀ ಗುತ್ತೇದಾರ್ರ ವಾದ ಹೇಳು. ಬರೋಬ್ಬರಿ ಹೇಳೋ ತನಕ ಬಾಗಲಾ ತೆಗ್ಯಂಗಿಲ್ಲ."

ಗುತ್ತೇದಾರರು ನಕ್ಕರು. ಆಟ ಅಂದುಕೊಂಡು ಎದ್ದು ನಿಂತು ಲೀಡರ್‌ನ ಹಾಗೆ ಕೈ ಎತ್ತಿ ಒದರಿದರು: "ಕೇಳ್ರಿ! ದವಾಖಾನಿ ಮಾಲಕನ ಅಂಗಳದಾಗ ಬ್ಯಾಡ! ಯಾಕಂದ್ರ... ಕಣ್ಣಿಗೆ ಚಕ್ಕಿ ಬಡದವ ಅಲ್ಲಿ ಬಂದು, ನನಗ ಕಾಣವಲ್ದು ಅಂತ ಹ್ಯಾಂಗ ಹೇಳ್ತಾನ? ಮಾಲಕ ನೋಡಿದ್ರ ನಾಳಿ ಕೆಲಸಕ್ಕ ಬರಬ್ಯಾಡ ಅಂತಾನ. ಅದಕ್ಕ ಅಂವ ಕಣ್ಣು ಮುಚ್ಕೊಂಡು..."

ಅಷ್ಟಕ್ಕೆ ನಿಂತುಬಿಟ್ಟರು. ಎತ್ತಿದ ಕೈ ಇಳಿಯಿತು. ಹಾಗೆ ಕೆಲಸ ಬಿಡಿಸಿದ ಮಾಲಕ ಅವರೇ ಆಗಿದ್ದರೋ ಏನೋ, ನಾವು ಕೇಳಲಿಲ್ಲ. ಮೆಲ್ಲಗೆ ಕುಳಿತುಕೊಂಡರು.

ಲೀಡರ್ ಎದ್ದ. ಗುತ್ತೇದಾರರ ಹಾಗೆ ಹೊಟ್ಟೆ ಮುಂದೆ ಮಾಡಿ ಶುರು ಮಾಡಿದವನು, ಎರಡು ಮಾತಿಗೇ ಹೊಟ್ಟೆ ಒಳಗೆ ಎಳೆದುಕೊಂಡ. "ದವಾಖಾನಿ ಮುಂದ ಯೂನಿಯನ್ ಝಂಡಾ ಇದ್ರ... ಝಂಡಾ ಹಿಡೀಲಾರದವರು ಒಳಗ ಬರಲಿಕ್ಕ ಅಂಜ್ತಾರ. ಖಣ್ಯಾಗ ಎಲ್ಲಾರೂ ಯೂನಿಯನ್‌ದವರಲ್ಲ. ಅವರಿಗೂ ಕೆಮ್ಮು ಬರ್ತದ." ಕಾಕಾರ ಕಡೆಗೆ ತಿರುಗಿ, "ಇದು ಖರೆ ಅದ ಕಾಕಾ" ಅಂದ.

ಆಮೇಲೆ ಎಲ್ಲ ಸುರಳೀತ ಆಯಿತು ಅಂದುಕೊಂಡಿರಾ? ಹೊಸ ಜಗಳ ಹುಟ್ಟಿತು!

"ನಿಮ್ಮ ಕಡೀನೇ ಆಗ್ಲಿ ಬಿಡ್ರಿ" ಎಂದು ಲೀಡರ್.

"ಇಲ್ಲಪಾ, ನಿನ್ನ ಕಡೀನೇ ಆಗ್ಬೇಕು" ಎಂದು ಗುತ್ತೇದಾರರು.

"ನಾ ಹೇಳ್ತೀನಿ ಕೇಳ್ರಿ, ನಿಮ್ಮ ಕಡಿ!"

"ನೀ ಯಾವ ಊರ ದೊಡ್ಡವ ನನಗ ಹೇಳ್ಲಿಕ್ಕ? ನಿನ್ನ ಕಡಿ ಅಂದ್ರ ನಿನ್ನ ಕಡಿ!"

ಕಾಕಾ ತಲೆಯ ಮೇಲೆ ಕೈ ಹೊತ್ತು ಕುಳಿತರು. "ಯವ್ವಾ, ಇದು ಅಮೆರಿಕದಾಗೂ ಆಗಿಲ್ಲ!"

ಕೊನೆಗೆ ಎರಡಕ್ಕೂ ನಡುವೆ, ರಸ್ತೆಯ ಪಕ್ಕ ಮುಚ್ಚಿ ಬಿದ್ದಿದ್ದ, ಸೇಂದಿ ಅಂದರೆ ಹೆಂಡ ಮಾರುತ್ತಿದ್ದ ಹಳೆಯ ಅಂಗಡಿಯನ್ನು ಕಾಕಾ ತೋರಿಸಿದರು. ಎಂಟನೆಯ ದಿನ ಸಾಹೇಬರೂ ಹೂಂ ಅಂದರು. ಕಲ್ಲು ಗುತ್ತೇದಾರರದು, ಕೈಗಳು ಯೂನಿಯನ್ನಿನವು. ಗೋಡೆ ರಿಪೇರಿಯಾಗಿ ಸುಣ್ಣ ಬಿತ್ತು. ಡಾಕ್ಟರರೂ ಬಂದರು, ಕಂಪೌಂಡರರೂ ಬಂದರು. ಬಾಗಿಲು ತೆಗೆದ ದಿನ ಮೊದಲು ಬಂದವರು ಯಾರು ಗೊತ್ತೇ? ಅಂಗಡಿ ಮತ್ತೆ ತೆರೆಯಿತೆಂದು ಬಾಟಲಿ ಹಿಡಿದು ಬಂದ ಸೇಂದಿಯ ಹಳೆಯ ಗಿರಾಕಿಗಳು! ಆಗ ದವಾಖಾನೆಗೂ ರೋಗಿಗಳು ಮನೆಯಿಂದಲೇ ಬಾಟಲಿ ತರಬೇಕಿತ್ತಲ್ಲ, ಕಂಪೌಂಡರರಿಗೆ ಗುರುತು ಹತ್ತಲಿಲ್ಲ. ಚಾಚಿದ ಬಾಟಲಿಗೆಲ್ಲ ಕೆಂಪು ಮಿಕ್ಸ್ಚರ್ ತುಂಬಿ ಕಳಿಸಿದರು. ಒಬ್ಬ ಹೊರಗೆ ಬಂದು ಒಂದು ಗುಟುಕು ಕುಡಿದು ಮುಖ ಕಿವುಚಿ ಹೇಳಿದ: "ಸರಕಾರ ಕೈ ಹಾಕಿದ ಕೂಡ್ಲೇ ಮಾಲು ಕೆಡ್ತು ನೋಡ್ರಿ!" ಗುತ್ತೇದಾರರು ಬಿದ್ದು ಬಿದ್ದು ನಕ್ಕರು. ಆನೆಯವರ ವಾದ ಅವನ ಬಾಯಿಂದ ಬಂತಲ್ಲ!

ಮಧ್ಯಾಹ್ನದ ಹೊತ್ತಿಗೆ ಗದ್ದಲ ಕರಗಿತು. ಕಾಕಾ, ನಾನು ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದೆವು. ಅವರು ಅಮೆರಿಕದ ಮುಂದಿನ ಚುನಾವಣೆಯ ಬಗ್ಗೆ ಏನೋ ಹೇಳುತ್ತಿದ್ದರು. ಆಗ ಕಲ್ಲು ಒಡೆಯುವ ಒಬ್ಬ ಮುದುಕಿ ಬಂದಳು. ರಸ್ತೆಯ ಆಚೆ, ಬಿಸಿಲಲ್ಲೇ, ದೂರದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ದಾಟಿ ಬಂದು ಅಂಗಳದ ಅಂಚಿಗೆ ನಿಂತಳು. ಉಸಿರು ತೆಗೆದುಕೊಂಡರೆ ಎದೆಯೊಳಗೆ ಗರಗರ ಸಪ್ಪಳ ಕೇಳುತ್ತಿತ್ತು.

"ಯಪ್ಪಾ, ಇದು ಯಾ ಪಾರ್ಟಿ ದವಾಖಾನಿರಿ?" ಎಂದು ಕೇಳಿದಳು.

ಕಾಕಾ ಅಮೆರಿಕ ಬಿಟ್ಟು ಅವಳ ಕಡೆಗೆ ತಿರುಗಿದರು.

"ನಾ ವೋಟ್ ಹಾಕಾಕ ಹೋಗಿದ್ದಿಲ್ರಿ. ಆವತ್ತು ಖಣಿ ಕೆಲಸ ಬಿಡಾಕ ಬರ್ಲಿಲ್ಲ. ಯೂನಿಯನ್ ಚೀಟೀನೂ ಇಲ್ಲ. ನನ್ನಂಥಾಕಿಗೆ ಒಳಗ ಬಿಡ್ತಾರೇನ್ರಿ?"

ನಾನು ಕಾಕಾರ ಮುಖ ನೋಡಿದೆ. ಎರಡು ದೇಶಗಳ ರಾಜಕೀಯಕ್ಕೆ ನಿಂತಲ್ಲೇ ಜವಾಬು ಕೊಡುವ ಮನುಷ್ಯ ಅವರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಾನೇ ಎದ್ದು, "ಬಾ ಯವ್ವಾ, ಎಲ್ಲಾರಿಗೂ ಬಿಡ್ತಾರ" ಎಂದು ಅವಳ ಕೈ ಹಿಡಿದು ಒಳಗೆ ಡಾಕ್ಟರರ ಮುಂದೆ ಕೂಡಿಸಿದೆ.

ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಕಾಕಾ ಇಲ್ಲ. ರಸ್ತೆಯ ಆಚೆ ಬಾಗಿ ನಿಂತಿದ್ದರು. ಆ ಮುದುಕಿಯ ಟೈರಿನ ಹಳೆಯ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆ ದಾಟಿ ಬಂದರು. ಹೋಟೆಲಿನವರು, ಗುತ್ತೇದಾರರು, ಲೀಡರ್, ಎಲ್ಲರೂ ನೋಡುತ್ತಿದ್ದರು. ಬಾಗಿಲ ಪಕ್ಕದ ನೆರಳಲ್ಲಿ ಅವನ್ನು ಜೋಡಿಸಿ ಇಟ್ಟು, ಯಾರ ಮುಖವನ್ನೂ ನೋಡದೆ ಹೇಳಿದರು:

"ಬಿಸಿಲಿಗೆ ಕಾದಿದ್ವು. ಮನಿಗೆ ಹೋಗಾಗ ಆಕಿ ಕಾಲು ಸುಡ್ತಾವ."