ಕಾಗದಕ್ಕೆ ಚಿಮುಕಿಸಿದ ನೀರು

ಈ ಸಂಗತಿ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಕನ್ನಡಕ ಸಿಗುತ್ತಿರಲಿಲ್ಲ. ಅದು ಮೂಗಿನ ಮೇಲೇ ಇರುತ್ತಿತ್ತು ಎಂಬುದು ಬೇರೆ ಮಾತು. ಇವತ್ತು ಹೇಳಿಬಿಡುತ್ತೇನೆ.

ನಿಜಾಮರ ಕಾಲದ ಯಲಬುರ್ಗಾದಲ್ಲಿ ಕಾಳಿನ ವ್ಯಾಪಾರಿ ವೀರಭದ್ರಪ್ಪ ನನ್ನ ಜೀವದ ಗೆಳೆಯ. ನನಗೆ ವಿಷಮಜ್ವರ ಬಂದಾಗ ಅಂಗಡಿ ಮುಚ್ಚಿ ಹನ್ನೊಂದು ದಿನ ನನ್ನ ತಲೆದಿಂಬಿನ ಬಳಿ ಕೂತವನು. ಅಂಥವನಿಗೂ ಒಂದು ರೋಗವಿತ್ತು. ಊರ ಹೊರಗಿನ ಕೇರಿಯವರು ಮುಟ್ಟಿದ್ದಕ್ಕೆಲ್ಲ ನೀರು ಚಿಮುಕಿಸಿ ಶುದ್ಧ ಮಾಡುವುದು. ಒಮ್ಮೆ ಜೋಳದ ಚೀಲಕ್ಕೂ ಚಿಮುಕಿಸಿದ. ಜೋಳ ಶುದ್ಧವಾಯಿತೋ ಇಲ್ಲವೋ, ಮೊಳಕೆಯಂತೂ ಒಡೆಯಿತು. ಹೈಸ್ಕೂಲು ಓದಿದ ನಾನು ಅವನಿಗೆ ಸಮಾನತೆಯ ಭಾಷಣ ಬಿಗಿಯುತ್ತಿದ್ದೆ. "ಮುಗೀತೇನಪಾ? ಬಾ, ಉಣ್ಣೂಣು" ಎನ್ನುತ್ತಿದ್ದ. ಉಣ್ಣುತ್ತಿದ್ದೆ.

ಒಂದು ಬೇಸಗೆಯಲ್ಲಿ, ದಿನ ತುಂಬುವ ಮೊದಲೇ, ಅವನ ಮಗಳಿಗೆ ಕುಕನೂರಿನ ಗಂಡನ ಮನೆಯಲ್ಲಿ ಹೆರಿಗೆ ನೋವು ಶುರುವಾಯಿತು. ಮರುದಿನ ಮಧ್ಯಾಹ್ನ ನಮ್ಮೂರ ಓಲೆಕಾರ, ಅದೇ ಕೇರಿಯವನು, ಅಲ್ಲಿಂದ ಕಾಗದ ತಂದು ಕಟ್ಟೆಯ ಮೇಲಿಟ್ಟ. ಏನೋ ಹೇಳಲು ಬಾಯಿ ತೆರೆದರೆ, "ದೂರ ನಿಂದ್ರೋ! ನಡಿ, ನಡಿ" ಎಂದು ವೀರಭದ್ರಪ್ಪ ಅವನನ್ನು ಅಟ್ಟಿದ. ಆತುರದಲ್ಲಿ ಕಾಗದದ ಮೇಲೆ ತಂಬಿಗೆಯನ್ನೇ ಬಗ್ಗಿಸಿದ. ಮಸಿಯೆಲ್ಲ ಕರಗಿ, ಮೇಲ್ತುದಿಯ 'ಶ್ರೀ' ಒಂದು ಉಳಿಯಿತು. ಗೆಳೆಯ ನನ್ನ ರಟ್ಟೆ ಹಿಡಿದ.

"ಮಗಳು ಉಳದಾಳೋ ಇಲ್ಲೋ, ಕೇಳ್ಕೊಂಡ ಬಾರೋ. ನೀ ಸುಧಾರಕ ಅದಿ."

ಓಡಿದೆ. ಓಲೆಕಾರ ಗುಡಿಸಲ ಮುಂದೆ ನಿಂತಿದ್ದ. "ಹೆಣ್ಣು ಕೂಸು ಆಗೇತ್ರಿ. ತಾಯಿನೂ ಆರಾಮ ಅದಾಳ. ಬಾಯಿಲೇ ಹೇಳಾಕ ಹೋದ್ನಿ, ಸಾಹುಕಾರ್ರು ಬಿಡಲಿಲ್ರಿ" ಎಂದ. ಒಳಗೆ ಹೋಗಿ ಚರಿಗೆಯಲ್ಲಿ ನೀರು ತಂದ. "ಬಿಸಲಾಗ ಬಂದೀರಿ, ಕುಡೀರಿ."

ನನ್ನ ಭಾಷಣಗಳೆಲ್ಲ ಎಲ್ಲಿ ಹೋದವೋ! "ಬ್ಯಾಡೋ, ಈಗಷ್ಟ ಕುಡದೇನಿ" ಎಂದೆ. ಅವನು ನನ್ನ ಒಣಗಿದ ತುಟಿ ನೋಡಿದ.

ಅಷ್ಟರಲ್ಲಿ ತಾಳಲಾರದೆ ವೀರಭದ್ರಪ್ಪನೇ ಏದುಸಿರು ಬಿಡುತ್ತ ಬಂದ. ಸುದ್ದಿ ಕೇಳಿದ, ಅತ್ತ, ಓಲೆಕಾರನ ಕೈಯಿಂದ ಚರಿಗೆ ಕಸಿದು ಗಟಗಟ ಕುಡಿದ. ಕುಡಿದ ಮೇಲೆ ಎಚ್ಚರವಾಯಿತು. ಹೊಟ್ಟೆ ನೋಡಿಕೊಂಡು, "ಇನ್ನ ಒಳಗ ಹ್ಯಾಂಗ ಚಿಮುಕಸ್ಲೋ?" ಎಂದು ನಗತೊಡಗಿದ. ಓಲೆಕಾರನೂ ನಕ್ಕ.

ಚಟ ಒಂದೇ ದಿನಕ್ಕೆ ಬಿಡಲಿಲ್ಲ. ತಂಬಿಗೆ ಹೋಗಿ ಬೊಗಸೆಯಾಯಿತು, ಬೊಗಸೆ ಹೋಗಿ ನಾಲ್ಕು ಹನಿ. ಮೊಮ್ಮಗಳು ಓಡಾಡುವ ಹೊತ್ತಿಗೆ ಓಲೆಕಾರ ಅವನ ಪಡಸಾಲೆಯ ಕಂಬಕ್ಕೊರಗಿ ಹರಟೆ ಹೊಡೆಯುತ್ತಿದ್ದ. "ನಿನಗ ಭಾಳ ತಪ್ಪ ಮಾಡೇನೋ ತಮ್ಮಾ" ಎಂದು ವೀರಭದ್ರಪ್ಪ ಒಮ್ಮೆ ನನ್ನೆದುರೇ ಅವನಿಗೆ ಹೇಳಿದ. ಆಗ ನಾನು ಬಹಳ ಶ್ರದ್ಧೆಯಿಂದ ಅಡಿಕೆ ಕತ್ತರಿಸುತ್ತಿದ್ದೆ.

ಆ ಚರಿಗೆಯ ಕಥೆ ಹೇಳಿ ಇಷ್ಟು ವರ್ಷ ಊರೆಲ್ಲ ನಗಿಸಿದ್ದೇನೆ, ಗೆಳೆಯನ ಪಾಲಿನಷ್ಟನ್ನೇ. ನನ್ನ ಪಾಲನ್ನು ಹೇಳುತ್ತಿರುವುದು ಇದೇ ಮೊದಲು. ಕೇಳಬೇಕಾದವನು ಈಗಿಲ್ಲ. ಇಷ್ಟಾಗಿಯೂ ನೋಡಿ, ಇಲ್ಲಿಯವರೆಗೆ ಅವನನ್ನು ಬರೀ ಓಲೆಕಾರ ಎಂದೇ ಬರೆದಿದ್ದೇನೆ. ಅವನ ಹೆಸರು ಹುಲಿಗೆಪ್ಪ.